ಮೂರನೇ ಗ್ಯಾರೇಜಿನ ಗಿರಾಕಿ

ನನ್ನ ಬೆನ್ನ ಹಿಂದೆ ಶಟರ್ ಧಡಾರನೆ ಇಳಿಯಿತು.

ಹೊರಗೆ ಹಾಡಹಗಲು. ಒಳಗೆ ಕಗ್ಗತ್ತಲು.

ಟಾರ್ಚ್ ಕೈಜಾರಿ, ಆರಿ, ಎಲ್ಲೋ ಉರುಳಿಹೋಯಿತು. ಉಸಿರು ಬಿಗಿಹಿಡಿದು ನಿಂತೆ. ಆಗ ಕೇಳಿಸಿತು...

ಟಿಕ್... ಟಿಕ್... ಟಿಕ್...

ಒಂದಲ್ಲ, ಎರಡಲ್ಲ. ಎಡಕ್ಕೆ, ಬಲಕ್ಕೆ, ತಲೆಯ ಮೇಲೆ. ನೂರಾರು.

ಬೇರೆ ಯಾರಾದರೂ ಆಗಿದ್ರೆ ಬಾಂಬ್ ಅಂದುಕೊಂಡು ಓಡ್ತಿದ್ರು. ನಾನು ಅಂದುಕೊಳ್ಳಲಿಲ್ಲ. ಅದರಲ್ಲಿ ಒಂದಷ್ಟನ್ನು ನಾನೇ ಕೈಯಾರೆ ಪ್ಯಾಕ್ ಮಾಡಿದ್ದೆ. ನನಗೆ ಭಯ ಇದ್ದದ್ದು ಸದ್ದು ಮಾಡದೆ ನಿಂತಿದ್ದವನದು.

"ಈ ಕಡೆ ಬರಬೇಡಿ ಅಂತ ಫೋನಲ್ಲಿ ಹೇಳಿದ್ದೆ ಅಲ್ವಾ, ಮೇಡಂ?"

ಗಂಡಸಿನ ದನಿ. ಶಟರ್ ಹತ್ತಿರದಿಂದ. ಕಬ್ಬಿಣ ನೆಲಕ್ಕೆ ಉಜ್ಜಿದ ಸದ್ದು ಬೇರೆ. ಶಟರ್ ಎಳೆಯೋ ಕೊಕ್ಕೆ ಕಂಬಿ ಅವನ ಕೈಯಲ್ಲಿತ್ತು.

"ಹೇಳಿದ್ರಿ," ಅಂದೆ. "ಆದ್ರೆ ಹೆಸರು ಹೇಳಲಿಲ್ಲ. ಹೆಸರಿಲ್ಲದವರ ಮಾತು ನಾನು ಕೇಳಲ್ಲ."

ತಾಳಿ. ಇದನ್ನ ಮೊದಲಿಂದ ಹೇಳಿದ್ರೇನೇ ನಿಮಗೆ ಅರ್ಥ ಆಗೋದು.

ನಾನು ಒಂದು ಕಾಲದಲ್ಲಿ ದೊಡ್ಡ ಅಂಗಡಿಯೊಂದರಲ್ಲಿ ಗಿರಾಕಿಯ ವೇಷದಲ್ಲಿ ಓಡಾಡಿಕೊಂಡು ಕಳ್ಳರನ್ನು ಹಿಡಿಯೋಳು. ಈಗ ಸ್ವಂತ ಪತ್ತೇದಾರಿ ಆಫೀಸು. ಇಸ್ತ್ರಿ ಅಂಗಡಿ ಮೇಲೆ ಒಂದು ರೂಮು, ಒಂದು ಫ್ಯಾನು, ಎರಡು ಕುರ್ಚಿ. ಕಸುಬಿನವರು ನನ್ನ ಕರೆಯೋದು ಜಿಗಣೆ ಅಂತ. ಬೈಗುಳ ಅಂತ ಕರೀತಾರೆ, ನಾನು ಬಿರುದು ಅಂತ ಇಟ್ಕೊಂಡಿದ್ದೀನಿ.

ಅವತ್ತು ಮೆಟ್ಟಿಲು ಹತ್ತಿ ಬಂದವನು ಗಡಿಯಾರ ಮಾಡೋನು. ಐವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಮರದ ಪುಡಿ. ಕಾರ್ಖಾನೆ ಮುಚ್ಚಿದ ಮೇಲೆ ಎರಡು ವರ್ಷ ಮನೆಯಲ್ಲಿ ಗೋಡೆ ನೋಡ್ತಾ ಕೂತಿದ್ದನಂತೆ. ಆಮೇಲೆ ಆ ಗೋಡೆಗೇ ಒಂದು ಗಡಿಯಾರ ಮಾಡಿದ. ಮರದ ಚೌಕಟ್ಟು, ಗಾಜು, ಹಿತ್ತಾಳೆ ಮುಳ್ಳು. ಚೆನ್ನಾಗಿತ್ತು. ಭಾಮೈದ ಅದರ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಾಕಿದ. ಮಾರಾಟ ಶುರುವಾಯಿತು.

"ತಿಂಗಳಿಂದ ತಿಂಗಳಿಗೆ ಆರ್ಡರ್ ಜಾಸ್ತಿ ಆಗ್ತಿದೆ ಮೇಡಂ," ಅಂದ. "ಬ್ಯಾಂಕಲ್ಲಿ ದುಡ್ಡು ಮಾತ್ರ ಕಮ್ಮಿ ಆಗ್ತಿದೆ. ಹೆಚ್ಚು ಮಾರಿದಷ್ಟೂ ಹೆಚ್ಚು ಖಾಲಿ. ಇದು ಯಾವ ಲೆಕ್ಕ?"

"ಸೈಟಿನವರು ಕಮಿಷನ್ ಹಿಡಿಯೋದಿಲ್ವಾ?"

"ಹಿಡೀತಾರೆ. ನೂರಕ್ಕೆ ಹದಿನೈದು. ಅದು ಗೊತ್ತು. ಗಡಿಯಾರ ಮಾಡೋಕೆ ಐವತ್ತೆಂಟು. ಉಳಿದಿದ್ದು ಇಪ್ಪತ್ತೇಳು. ಆ ಇಪ್ಪತ್ತೇಳು ಎಲ್ಲಿ?"

"ಯಾರ ಮೇಲೆ ಅನುಮಾನ?"

ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ.

"ಭಾಮೈದ. ಸೈಟಿನ ಪಾಸ್‌ವರ್ಡ್ ಅವನ ಹತ್ರ. ಲೇಬಲ್ ಅಂಟಿಸೋನು ಅವನು. ಬೇಲಿಯೇ ಎದ್ದು ಹೊಲ ಮೇಯ್ತಿದೆ ಮೇಡಂ. ಆದ್ರೆ... ನನ್ನ ಹೆಂಡತಿಗೆ ಗೊತ್ತಾಗಬಾರದು. ಅವಳಿಗೆ ತಮ್ಮ ಅಂದ್ರೆ ಪ್ರಾಣ."

"ಪುರಾವೆ?"

"ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಎದ್ದು ಹೊರಟವನು ಬಾಗಿಲಲ್ಲಿ ತಿರುಗಿದ. "ಬೇಗ ಆಗಬೇಕು. ದೊಡ್ಡ ಮಿಷನ್ ತಗೋಬೇಕು ಅಂತಿದ್ದೀನಿ. ಬುಧವಾರ ಮಧ್ಯಾಹ್ನ ಮನೆಪತ್ರ ಬ್ಯಾಂಕಲ್ಲಿಟ್ಟು ಸಾಲ ತಗೋತೀನಿ."

"ಮನೆಯವರಿಗೆ ಹೇಳಿದ್ದೀರಾ?"

"ಮಿಷನ್ ಬಂದ ಮೇಲೆ ಹೇಳ್ತೀನಿ. ಖುಷಿ ಪಡಲಿ."

ಎಲ್ಲರೂ ಎಲ್ಲರಿಂದ ಏನನ್ನೋ ಮುಚ್ಚಿಡೋ ಮನೆ. ಇಂಥ ಮನೆಗಳಿಂದಲೇ ನನ್ನ ಹೊಟ್ಟೆ ತುಂಬೋದು.

ಮಾರನೇ ದಿನ ಪ್ಯಾಕಿಂಗ್ ಕೆಲಸದವಳಾಗಿ ವರ್ಕ್‌ಶಾಪಿಗೆ ಸೇರಿಕೊಂಡೆ. ಉದ್ದನೆ ಶೆಡ್ಡು. ಒಂದು ತುದಿಯಲ್ಲಿ ಗರಗಸ, ಇನ್ನೊಂದು ತುದಿಯಲ್ಲಿ ರಟ್ಟಿನ ಬಾಕ್ಸು. ಗಡಿಯಾರಕ್ಕೆ ಬ್ಯಾಟರಿ ಹಾಕಿ, ಓಡ್ತಾ ಇದೆ ಅಂತ ಕಿವಿಗೆ ಹಿಡಿದು ನೋಡಿ, ಹಾಗೇ ಪ್ಯಾಕ್ ಮಾಡಬೇಕು. ಬ್ಯಾಟರಿ ಇಲ್ಲದೆ ಕಳಿಸಿದ್ರೆ 'ಓಡ್ತಿಲ್ಲ' ಅಂತ ಒಂದು ಸ್ಟಾರ್ ಕೊಟ್ಟು ವಾಪಸ್ ಕಳಿಸೋ ಮಹಾನುಭಾವರು ಇದ್ದಾರಂತೆ.

ಭಾಮೈದ ಮೂವತ್ತರ ಸಣಕಲ. ಸರಿಯಾಗಿ ನಿದ್ದೆ ಮಾಡಿದವನ ಕಣ್ಣಲ್ಲ. ಫೋನ್ ಬಂದ್ರೆ ಹೊರಗೆ ಓಡ್ತಿದ್ದ. ಲೇಬಲ್ ಯಾರ ಕೈಗೂ ಕೊಡ್ತಿರಲಿಲ್ಲ. ನಾನು ಒಂದು ಸಲ ಕೈ ಚಾಚಿದೆ.

"ಅದು ಬಿಡಿ. ನಾನೇ ಅಂಟಿಸ್ತೀನಿ."

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದು ಕೇಳಿದ್ದೀರಿ. ಇವನು ಯಾರೂ ಏನೂ ಅನ್ನೋ ಮೊದಲೇ ಹೆಗಲು ಒರೆಸಿಕೊಳ್ಳೋ ಪೈಕಿ.

ಒಂದು ವಿಷಯ ಮಾತ್ರ ಸರಿಹೊಂದಲಿಲ್ಲ. ಅವನು ದಿನಕ್ಕೊಂದು ಸಲ ಹೇಳ್ತಿದ್ದ, "ಭಾವ, ಬೆಲೆ ಸ್ವಲ್ಪ ಏರಿಸೋಣ."

"ಯಾಕೋ? ಹೋಗ್ತಾ ಇದೆಯಲ್ಲ. ಓಡೋ ಕುದುರೆಗೆ ಕಲ್ಲು ಕಟ್ಟಬೇಡ."

ಕಳ್ಳನಿಗೆ ಬೆಲೆಯ ಚಿಂತೆ ಯಾಕೆ?

ಯಜಮಾನನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೋಗೋ ಮುಂಚೆ ಬಿಳಿ ಶೂ ಹಾಕ್ಕೊಂಡು ಬಾಗಿಲಲ್ಲಿ ಒಂದು ನಿಮಿಷ ನಿಲ್ಲೋಳು.

"ಇವತ್ತು ಎಷ್ಟು ಹೋಗ್ತಿದೆ ರೀ?"

"ಹನ್ನೊಂದು!" ಯಜಮಾನನ ಮುಖ ಅರಳೋದು. ಫೋನ್ ತೆಗೆದು ಗಿರಾಕಿಗಳು ಬರೆದ ರಿವ್ಯೂ ಓದಿ ಹೇಳೋನು. 'ಈ ಗಡಿಯಾರ ಬಂದ ಮೇಲೆ ನಮ್ಮ ಮನೆಗೆ ಕಳೆ ಬಂತು.' ಐದು ಸ್ಟಾರು. ಆಕೆ ತಲೆ ತಗ್ಗಿಸಿ ನಗೋಳು. ಭಾಮೈದ ಗೋಡೆ ಕಡೆ ತಿರುಗೋನು.

ನನಗೆ ಇಬ್ಬರ ಮೇಲೂ ಅನುಮಾನ ಬಂತು. ನನಗೆ ಎಲ್ಲರ ಮೇಲೂ ಬರುತ್ತೆ, ಅದು ಬೇರೆ ಮಾತು.

ನಾಲ್ಕನೇ ದಿನ ಅವನು ಫೋನಿಗೆ ಹೊರಗೆ ಓಡಿದ. ಅಂಟಿಸಿದ ಲೇಬಲ್‌ಗಳನ್ನು ಸರಸರ ನೋಡಿದೆ. ಹನ್ನೊಂದು ಬಾಕ್ಸು. ಹನ್ನೊಂದು ಹೆಸರು. ಅದರಲ್ಲಿ ಏಳು ಒಂದೇ ಕಡೆಗೆ... ಇದೇ ಊರು, ಹಳೇ ಐಸ್ ಫ್ಯಾಕ್ಟರಿ ಹಿಂದೆ, ಮೂರನೇ ಗ್ಯಾರೇಜು.

ಬೇರೆ ಬೇರೆ ಏಳು ಜನ ಒಂದು ಗ್ಯಾರೇಜಲ್ಲಿ ಸಂಸಾರ ಮಾಡ್ತಾರಾ?

ಐಸ್ ಫ್ಯಾಕ್ಟರಿ ಹಿಂದೆ ಒಂದು ಓಣಿ. ಎರಡೂ ಕಡೆ ತುಕ್ಕು ಹಿಡಿದ ಶಟರ್‌ಗಳು. ಮಾರನೇ ದಿನ ಬೆಳಿಗ್ಗೆಯಿಂದ ಒಡೆದ ಗೋಡೆಯ ಮೇಲೆ ಕೂತು ಕಾದೆ. ಡೆಲಿವರಿಯವನು ಬಂದ. ಮೂರನೇ ಶಟರ್ ಮುಂದೆ ಬಾಕ್ಸ್ ಜೋಡಿಸಿ, ಫೋಟೋ ತೆಗೆದ.

"ಅಣ್ಣಾ, ಒಂದು ನಿಮಿಷ."

ನನ್ನ ಮುಖ ನೋಡಿದ. ಬಾಕ್ಸ್ ಬಿಟ್ಟು ಓಟ ಕಿತ್ತ!

ಓಡೋರನ್ನ ಕಂಡ್ರೆ ಅಟ್ಟಿಸಿಕೊಂಡು ಹೋಗೋದು ನನ್ನ ಹಳೇ ಚಾಳಿ. ಓಣಿ, ಚರಂಡಿ, ಟೈರ್ ರಾಶಿ, ಒಂದು ಗೇಟು. ಗೇಟ್ ಹತ್ತಿದವನ ಕಾಲು ಹಿಡಿದು ಎಳೆದೆ.

"ಯಾಕೆ ಓಡಿದೆ?"

"ನೀವು ಕಂಪನಿಯ ಚೆಕಿಂಗ್‌ನವರು ಅಂದ್ಕೊಂಡೆ ಮೇಡಂ... ಕೈಗೆ ಕೊಡದೆ ಬಾಗಿಲಲ್ಲಿಟ್ಟು ಹೋದ್ರೆ ದಂಡ ಹಾಕ್ತಾರೆ."

"ಇಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ. ಸಂಜೆ ಒಬ್ಬ ಸಣಕಲ ಬಂದು ಒಳಗೆ ತಗೋತಾನೆ. ಅವನೇ ಇಟ್ಟು ಹೋಗು ಅಂದಿದ್ದು. ನಂಬರ್ ಕೊಟ್ಟಿದ್ದಾನೆ."

ಆ ನಂಬರಿಗೆ ಅವನು ನನ್ನ ವಿಷಯ ತಿಳಿಸಿದ ಅಂತ ಬೇರೆ ಹೇಳಬೇಕಾ? ಆಫೀಸಿಗೆ ಬರೋ ಹೊತ್ತಿಗೆ ಫೋನು. ಬಾಯಿಗೆ ಬಟ್ಟೆ ಅಡ್ಡ ಇಟ್ಟ ದನಿ.

"ಪ್ಯಾಕಿಂಗ್‌ಗೆ ಬಂದವರು ಪ್ಯಾಕಿಂಗ್ ಮಾಡ್ಕೊಂಡಿರಿ. ಗ್ಯಾರೇಜ್ ಕಡೆ ಬಂದ್ರೆ ನೆಟ್ಟಗಿರಲ್ಲ."

ಕೆಳಗಿಳಿದು ನೋಡಿದ್ರೆ ನನ್ನ ಸ್ಕೂಟರಿನ ಎರಡೂ ಟೈರು ಚಪ್ಪಟೆ. ನನ್ನ ಹಿಂದೆಯೇ ಬಂದು ಆಫೀಸಿನ ಬೋರ್ಡೂ ಓದಿರಬೇಕು.

ಬುಧವಾರ ಬೆಳಿಗ್ಗೆ ಬಸ್ಸಲ್ಲಿ ಹೋದೆ. ಬೀಗ ತೆಗೆಯೋಕೆ ನನಗೆ ಕೀಲಿ ಬೇಕಾಗಲ್ಲ. ಒಳಗೆ ಕಾಲಿಟ್ಟೆ...

ಶಟರ್ ಇಳಿಯಿತು. ಅಲ್ಲಿಗೆ ಬಂದ್ವಿ ನೋಡಿ.

"ಭಾವ ನಿಮಗೆಷ್ಟು ಕೊಡ್ತಾರೆ?" ಅಂದ ಕತ್ತಲಲ್ಲಿ. "ಅಷ್ಟೇ ನಾನೂ ಕೊಡ್ತೀನಿ. ಏನೂ ಸಿಗಲಿಲ್ಲ ಅಂತ ಹೇಳಿಬಿಡಿ."

"ಕಂಬಿ ಕೆಳಗಿಟ್ಟು ಮಾತಾಡಿ."

"ಮೊದಲು ನೀವು ಮಾತು ಕೊಡಿ."

ಕಂಬಿ ಗಾಳಿಯಲ್ಲಿ ಸುಯ್ ಅಂತು. ಕೈಗೆ ಸಿಕ್ಕಿದ ಬಾಕ್ಸ್ ಎತ್ತಿ ದನಿ ಬಂದ ಕಡೆ ಎಸೆದೆ. ಗಾಜು ಪುಡಿ. ಅವನು ತಡವರಿಸಿದ. ನುಗ್ಗಿ ಮಣಿಕಟ್ಟು ತಿರುಚಿದೆ. ಕಂಬಿ ಬಿತ್ತು. ನಿಜ ಹೇಳ್ತೀನಿ, ಅವನಿಗೆ ಹೊಡೆಯೋ ಮನಸ್ಸೇ ಇರಲಿಲ್ಲ. ಬಿದ್ದ ಕಂಬಿಯ ಕಡೆ ಕೈಯನ್ನೂ ಚಾಚಲಿಲ್ಲ.

ಗೋಡೆ ತಡವಿ ಲೈಟ್ ಹಾಕಿದೆ.

ನೆಲದಿಂದ ತಾರಸಿವರೆಗೂ ಬಾಕ್ಸು. ಒಂದನ್ನೂ ಬಿಚ್ಚಿಲ್ಲ. ಹಿಂದಿನ ಸಾಲಿನ ಮೇಲೆ ಬೆರಳು ಎಳೆದೆ. ದಪ್ಪ ಧೂಳು.

ನನ್ನ ಲೆಕ್ಕಾಚಾರ ಅಲ್ಲೇ ಮುಗ್ಗರಿಸಿತು. ಕದ್ದ ಮಾಲು ಕಾಲು ಚಾಚಿ ಮಲಗಲ್ಲ, ಓಡುತ್ತೆ. ಇವತ್ತು ಕದ್ದಿದ್ದು ನಾಳೆ ಇನ್ನೊಬ್ಬರ ಗೋಡೆ ಮೇಲಿರುತ್ತೆ. ಇಲ್ಲಿ ಯಾರೋ ಪೂರ್ತಿ ಬೆಲೆ ಕೊಟ್ಟು ಕೊಂಡು, ಹೂತಿಟ್ಟಿದ್ದಾರೆ.

"ಇದನ್ನ ಕೊಂಡಿದ್ದು ಯಾರು?"

ಅವನು ಬಾಕ್ಸಿನ ಸಾಲಿಗೆ ಅಡ್ಡ ನಿಂತ.

"ನೀವಂತೂ ಅಲ್ಲ. ನಿಮ್ಮ ಚಪ್ಪಲಿಗೆ ಎರಡು ಕಡೆ ಹೊಲಿಗೆ ಬಿದ್ದಿದೆ. ಯಾರು?"

ಅವನು ಬಾಯಿ ತೆರೆಯೋ ಮೊದಲು ಶಟರ್ ಕಿರುಗುಟ್ಟಿತು. ಮೊಣಕಾಲೆತ್ತರಕ್ಕೆ ಎದ್ದಿತು. ಹೊರಗಿನ ಬಿಸಿಲಲ್ಲಿ ಎರಡು ಕಾಲು ಕಂಡವು.

ಬಿಳಿ ಶೂ.

ತಮ್ಮ ಮೊದಲೇ ಫೋನ್ ಮಾಡಿದ್ದನೇನೋ, ನರ್ಸಮ್ಮ ಬಗ್ಗಿ ಒಳಗೆ ಬಂದಳು. ನನ್ನ ನೋಡಿದಳು, ತಮ್ಮನ ನೋಡಿದಳು, ಒಡೆದ ಗಾಜು ನೋಡಿದಳು. ಮೊದಲು ಹೋಗಿ ಗಾಜನ್ನೇ ಆಯ್ದು ಒಂದು ಕಡೆ ಇಟ್ಟಳು. ಆಸ್ಪತ್ರೆ ಅಭ್ಯಾಸ.

"ಅವನನ್ನು ಬಿಡಿ," ಅಂದಳು. "ಎಲ್ಲ ನಾನೇ."

"ಯಾಕೆ?"

ಒಂದು ಬಾಕ್ಸಿನ ಮೇಲೆ ಕೂತಳು.

"ನೀವು ಅವರನ್ನ ಆ ಎರಡು ವರ್ಷ ನೋಡಿಲ್ಲ. ಊಟಕ್ಕೆ ಕರೆದ್ರೆ 'ಯಾಕೆ' ಅನ್ನೋರು. ಮಾಡಿದ ಮೊದಲ ಗಡಿಯಾರ ಒಂದು ತಿಂಗಳಾದ್ರೂ ಹೋಗಲಿಲ್ಲ. ಮತ್ತೆ ಗೋಡೆ ನೋಡೋಕೆ ಶುರು ಮಾಡಿದ್ರು. ಒಂದನ್ನ ನಾನೇ ಕೊಂಡೆ, ಬೇರೆ ಹೆಸರಲ್ಲಿ. ಅವತ್ತು ರಾತ್ರಿ ಎರಡು ಸಲ ಅನ್ನ ಹಾಕಿಸ್ಕೊಂಡ್ರು. ನಿಲ್ಲಿಸೋದು ಹೇಗೆ, ಹೇಳಿ?"

"ದುಡ್ಡು?"

"ನನ್ನ ಸಂಬಳ. ಓವರ್‌ಟೈಮು. ಹೋದ್ರೆ ಎಲ್ಲಿಗೆ ಹೋಗುತ್ತೆ? ಎಡಗೈಯಿಂದ ಬಲಗೈಗೆ. ಕಮಿಷನ್ ಅಂತ ಏನೋ ಚೂರು ಹಿಡೀತಾರೆ, ಉಳಿದಿದ್ದು ನಮ್ಮ ಮನೆಗೇ ತಾನೆ ವಾಪಸ್ ಬರೋದು?"

ನಾನು ತಮ್ಮನ ಕಡೆ ನೋಡಿದೆ. ಅವನು ನೆಲ ನೋಡ್ತಿದ್ದ.

"ಇವರಿಗೆ ಹೇಳಿಲ್ವಾ?"

"ಧೈರ್ಯ ಬರಲಿಲ್ಲ," ಅಂದ.

"ಏನು ಹೇಳಿಲ್ಲ? ಏನೋ ಅದು?"

ಅವನು ಒಂದು ಬಾಕ್ಸ್ ಎತ್ತಿ ಅಕ್ಕನ ತೊಡೆ ಮೇಲಿಟ್ಟ. "ನೂರು ಕೊಟ್ಟು ಇದನ್ನ ತಗೊಂಡೆ ಅಂದ್ಕೋ. ಕಮಿಷನ್ ಹದಿನೈದು ಅಂತ ಭಾವನಿಗೂ ಗೊತ್ತು. ಎಲ್ಲರ ಕಣ್ಣಿಗೆ ಬೀಳೋದು ಅದೊಂದೇ. ಆಮೇಲೆ ಪ್ರತಿ ಆರ್ಡರಿಗೆ ಅಂತ ಐದು. ಸಾಗಾಣಿಕೆ ಹದಿನಾಲ್ಕು."

"ಇಷ್ಟು ಹಗುರ ಇದೆ, ಹದಿನಾಲ್ಕಾ?"

"ಅವರು ಗಡಿಯಾರ ತೂಗಲ್ಲ ಅಕ್ಕ, ಬಾಕ್ಸ್ ಅಳೀತಾರೆ. ಗಾಜು ಒಡೀಬಾರದು ಅಂತ ಭಾವ ದೊಡ್ಡ ಬಾಕ್ಸು ಮಾಡಿಸಿದ್ದಾರೆ. ಒಳಗಿರೋ ಗಾಳಿಗೂ ನಾವೇ ಕಟ್ಟಬೇಕು. ಹುಡುಕಿದವರಿಗೆ ನಮ್ಮದು ಮೊದಲು ಕಾಣಲಿ ಅಂತ ಜಾಹೀರಾತಿಗೆ ಏಳು. ಯಾರೋ ಬೇಡ ಅಂತ ವಾಪಸ್ ಕಳಿಸ್ತಾರೆ, ಹೋಗೋ ಖರ್ಚೂ ನಮ್ಮದು, ಬರೋ ಖರ್ಚೂ ನಮ್ಮದು. ಒಡೆದು ಬಂದ್ರೆ ಗಡಿಯಾರವೂ ಹೋಯ್ತು. ಅದನ್ನ ಎಲ್ಲದರ ಮೇಲೆ ಹಂಚಿದ್ರೆ ಒಂದೊಂದಕ್ಕೆ ಐದು. ಈ ಫೀಸುಗಳ ಮೇಲೆ ತೆರಿಗೆ ಎರಡು."

ನಾನು ಮನಸ್ಸಲ್ಲೇ ಕೂಡಿದೆ. ನಲವತ್ತೆಂಟು.

"ಮನೆಗೆ ಬರೋದು ಐವತ್ತೆರಡು," ಅಂದ. "ಮಾಡೋಕೆ ಆಗೋದು ಐವತ್ತೆಂಟು. ನಿಜವಾದ ಗಿರಾಕಿಗೆ ಮಾರಿದ್ರೂ ಆರು ಕೈಯಿಂದ ಹೋಗುತ್ತೆ. ನೀನು ಕೊಂಡ್ರೆ ಮನೆಯವರ ದುಡ್ಡೇ ನಲವತ್ತೆಂಟು ಹೊರಗೆ ಹೋಗುತ್ತೆ, ಜೊತೆಗೆ ಗಡಿಯಾರ ಇಲ್ಲಿ ಕೊಳೆಯುತ್ತೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಕ್ಕ. ಬೆಲೆ ಏರಿಸೋಣ ಅಂದ್ರೆ, ಇಷ್ಟು ಮಾರಾಟ ಆಗ್ತಿದೆಯಲ್ಲ ಅಂತಾರೆ ಭಾವ. ಲೆಕ್ಕ ಬಿಡಿಸಿ ತೋರಿಸಿದ್ರೆ ಈ ವಿಳಾಸ ಕಣ್ಣಿಗೆ ಬೀಳುತ್ತೆ. ನಿನ್ನ ಮುಖ ನೋಡಿ ಸುಮ್ಮನಾದೆ."

ಆಕೆ ಆ ಬಾಕ್ಸನ್ನು ಮಗುವಿನ ಹಾಗೆ ಹಿಡ್ಕೊಂಡು ಕೂತೇ ಇದ್ದಳು. ಅಳಲಿಲ್ಲ.

"ಇರಲಿ," ಅಂದಳು ಕೊನೆಗೆ. "ಇನ್ನು ನಿಧಾನವಾಗಿ ಕಮ್ಮಿ ಮಾಡ್ತೀನಿ. ಅವರಿಗೆ ಗೊತ್ತಾಗೋದು ಬೇಡ."

"ನಿಧಾನಕ್ಕೆ ಪುರಸೊತ್ತಿಲ್ಲಮ್ಮ," ಅಂದೆ. "ನಿಮ್ಮ ಯಜಮಾನರು ಇವತ್ತು ಮಧ್ಯಾಹ್ನ ಮನೆ ಅಡ ಇಡ್ತಿದ್ದಾರೆ. ಮಿಷನ್‌ಗೆ."

"ಯಾವ ಮನೆ?"

"ನಿಮಗಿರೋದು ಒಂದೇ ಮನೆ ಅಲ್ವಾ?"

ಗಿರಾಕಿಯ ಗುಟ್ಟು ಒಡೆಯಬಾರದು ಅನ್ನೋದು ನನ್ನ ಕಸುಬಿನ ಮೊದಲ ನಿಯಮ. ಮುರಿದೆ. ಬೇಕಿದ್ರೆ ನೀವೂ ಬೈಯಿರಿ.

ಆಕೆ ಎದ್ದು ನಿಂತಳು. ಬಾಕ್ಸ್ ಕೆಳಗಿಡೋದನ್ನೂ ಮರೆತಳು. ಯಜಮಾನನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ತಮ್ಮ ಮಾಡಿದ. ಆ ಕಡೆಯಿಂದ ಕಟ್ ಆಯಿತು.

"ಬೈಕ್ ಇದೆಯಾ?" ಅವನನ್ನ ಕೇಳಿದೆ.

"ಮಾರಿಬಿಟ್ಟೆ. ಈ ಗ್ಯಾರೇಜಿನ ಬಾಡಿಗೆಗೆ."

"ನನ್ನ ಸ್ಕೂಟರ್ ಟೈರಿನ ಗಾಳಿ ನೀವೇ ತೆಗೆದ್ರಿ."

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಓಣಿಯಲ್ಲಿ ವ್ಯಾನಿನ ಸದ್ದು. ಡೆಲಿವರಿಯವನು ಇವತ್ತಿನ ಬಾಕ್ಸ್ ತಂದಿದ್ದ. ನನ್ನ ಕಂಡು ಮತ್ತೆ ಓಡೋಕೆ ತಿರುಗಿದ.

"ಓಡಿದ್ರೆ ಕಾಲು ಮುರೀತೀನಿ. ಹಿಂದಿನ ಬಾಗಿಲು ತೆಗಿ."

ಪಾರ್ಸಲ್ ರಾಶಿಯ ಮೇಲೆ ಮೂವರೂ ಬಿದ್ದುಕೊಂಡು ಹೊರಟ್ವಿ. ಸಿಗ್ನಲ್‌ನಲ್ಲಿ ನಿಂತಾಗ ಆಕೆ ಬಾಗಿಲು ತಳ್ಳಿ ಇಳಿಯೋಕೆ ಹೋದಳು, ಓಡಿದ್ರೆ ಬೇಗ ತಲುಪಬಹುದು ಅಂತ. ಕೈ ಹಿಡಿದು ಕೂರಿಸಿದೆ.

"ಬಿಟ್ಟು ಹೋಗಿಬಿಡ್ತಾರಾ ನನ್ನ?" ಅಂದಳು.

"ಗೊತ್ತಿಲ್ಲ."

ಸುಳ್ಳು ಹೇಳಬಹುದಿತ್ತು. ಆ ಮನೆಯಲ್ಲಿ ಆಗಲೇ ಸಾಕಷ್ಟಿತ್ತು.

ಬ್ಯಾಂಕು ತಣ್ಣಗಿತ್ತು. ಮೂಲೆಯ ಗಾಜಿನ ಕೋಣೆಯಲ್ಲಿ ಯಜಮಾನ ಕೂತಿದ್ದ, ಇಸ್ತ್ರಿ ಮಾಡಿದ ಶರ್ಟು, ಬಾಚಿದ ತಲೆ. ಕೈಯಲ್ಲಿ ಪೆನ್ನು. ಎದುರಿಗೆ ಮ್ಯಾನೇಜರು ಎಲ್ಲೆಲ್ಲಿ ಸಹಿ ಅಂತ ಬೆರಳಿಟ್ಟು ತೋರಿಸ್ತಿದ್ದ.

ನಾನು ಬಾಗಿಲು ತಳ್ಳಿದೆ. ಯಜಮಾನ ನನ್ನ ನೋಡಿ, ಹಿಂದೆ ಭಾಮೈದನ ನೋಡಿ ಎದ್ದೇ ಬಿಟ್ಟ.

"ಸಿಕ್ಕಿಬಿದ್ನಾ? ಇವನೇ ತಾನೆ?"

"ರೀ," ಅಂದಳು ಆಕೆ, ನನ್ನ ಪಕ್ಕದಿಂದ. "ಸಹಿ ಹಾಕಬೇಡಿ."

"ನೀನ್ಯಾಕೆ ಇಲ್ಲಿ? ಡ್ಯೂಟಿ?"

"ನಿಮ್ಮ ಗಿರಾಕಿ ನಾನೇ ರೀ."

ಅವನಿಗೆ ಅರ್ಥ ಆಗಲಿಲ್ಲ. ಆಕೆ ಕೈಯಲ್ಲಿದ್ದ ಬಾಕ್ಸನ್ನ ಮೇಜಿನ ಮೇಲಿಟ್ಟಳು. ಅವನು ಲೇಬಲ್ ಓದಿದ. ಹೆಂಡತಿ ಮುಖ ನೋಡಿದ. ಪೆನ್ನಿಗೆ ಕ್ಯಾಪ್ ಹಾಕಿದ. ಮ್ಯಾನೇಜರಿಗೆ ಹಿಂತಿರುಗಿಸಿ ಹೊರಗೆ ನಡೆದ.

ಬ್ಯಾಂಕಿನ ಮೆಟ್ಟಿಲ ಮೇಲೆ ಕೂತ. ಆಕೆ ಎರಡು ಮೆಟ್ಟಿಲು ಮೇಲೆ ಕೂತಳು. ಅವನು ತಿರುಗಿ ನೋಡದೇ ಕೇಳಿದ.

"ಎಷ್ಟು?"

"ಅರ್ಧಕ್ಕಿಂತ ಜಾಸ್ತಿ."

"ಆ ರಿವ್ಯೂಗಳು... ಮನೆಗೆ ಕಳೆ ಬಂತು ಅಂತ?"

"ನಾನು ಬರೆದಿದ್ದು. ಅದು ಸುಳ್ಳಲ್ಲ."

"ಎರಡು ಸ್ಟಾರ್ ಕೊಟ್ಟವನು? ಮುಳ್ಳು ನಿಧಾನ ಅಂದವನು?"

"ಅವರು ನಾನಲ್ಲ."

"ಅಷ್ಟಾದ್ರೂ ನಿಜ," ಅಂದ. ನಕ್ಕನಾ, ಕೆಮ್ಮಿದನಾ ಗೊತ್ತಾಗಲಿಲ್ಲ. ಆಮೇಲೆ ಭಾಮೈದನ ಕಡೆ ತಿರುಗಿದ. "ನೀನು ಕಳ್ಳ ಅಂತ ಹುಡುಕಿಸ್ತಿದ್ದೆ ಕಣೋ."

"ಗೊತ್ತು ಭಾವ."

"ಗೊತ್ತಿದ್ದೂ ಬಾಯಿ ಬಿಡಲಿಲ್ವಾ?"

"ಅಕ್ಕನ್ನ ಹಿಡಿದುಕೊಡೋದಕ್ಕಿಂತ ಕಳ್ಳ ಆಗೋದು ಸುಲಭ ಅನ್ನಿಸ್ತು."

ಅದಾದ ಮೇಲೆ ಸಂಸಾರ ಮುರಿಯಲಿಲ್ಲ. ಸರಿಹೋಯಿತು ಅಂತಲೂ ನಾನು ಹೇಳಲ್ಲ. ಯಜಮಾನ ಒಂದಷ್ಟು ದಿನ ವರ್ಕ್‌ಶಾಪಲ್ಲೇ ಮಲಗಿದ. ಆಕೆ ಡ್ಯೂಟಿಗೆ ಹೋಗೋ ಮುಂಚೆ ಬಾಗಿಲಲ್ಲಿ ನಿಲ್ಲೋಳು, ಎಷ್ಟು ಹೋಗ್ತಿದೆ ಅಂತ ಕೇಳ್ತಿರಲಿಲ್ಲ. ಒಂದು ದಿನ ಅವನೇ ಹೇಳಿದನಂತೆ, "ಇವತ್ತು ಒಂದೂ ಇಲ್ಲ, ಒಳಗೆ ಬಾ." ಬಾಕ್ಸು ಚಿಕ್ಕದಾಯಿತು, ಬೆಲೆ ದೊಡ್ಡದಾಯಿತು. ವಾರಕ್ಕೆ ಎರಡು ಮೂರು ಹೋಗ್ತವೆ. ಯಾರು ಕೊಳ್ತಿದ್ದಾರೆ ಅಂತ ಅವನು ಒಂದೊಂದು ಲೇಬಲ್ ಓದ್ತಾನೆ. ಗ್ಯಾರೇಜಿನ ರಾಶಿಯನ್ನು ಪೀಠೋಪಕರಣದ ಅಂಗಡಿಯೊಂದಕ್ಕೆ ಕೊಟ್ಟ. ಅಂಗಡಿಯವನೂ ನಡುವೆ ತನ್ನ ಪಾಲು ಹಿಡೀತಾನೆ, ಆದ್ರೆ ಎಷ್ಟು ಅಂತ ಮುಖ ನೋಡಿ ಹೇಳ್ತಾನೆ.

ತಿಂಗಳಾದ ಮೇಲೆ ಯಜಮಾನ ನನ್ನ ಮೆಟ್ಟಿಲು ಹತ್ತಿದ.

"ಕಳ್ಳ ಸಿಗಲಿಲ್ಲವಲ್ಲ ಮೇಡಂ. ಫೀಸು ಪೂರ್ತಿನಾ?"

"ಕಳ್ಳ ಸಿಕ್ಕಿದ್ರೆ ಅರ್ಧ ತಗೋತಿದ್ದೆ. ಇದು ಕಷ್ಟದ ಕೆಲಸ."

ಒಪ್ಪಿದ. ಜೇಬಿಂದ ಫೋನ್ ತೆಗೆದ. "ಯಾವ ಆ್ಯಪ್‌ಗೆ ಕಳಿಸಲಿ?"

ಕೈ ಚಾಚಿದೆ.

"ಇಲ್ಲಿಗೇ ಕೊಡಿ. ನಡುವೆ ಯಾರೂ ಬೇಡ."